ಕುರಿಮರಿಗೆ ಗಂಜಿ, ಕೂಸಿಗೆ ಬರೆ

ನಮ್ಮಜ್ಜಿ ಮುದುಕವ್ವನಿಗೆ ಸುತ್ತಲ ಹತ್ತು ಹಳ್ಳಿಯವರು ಕೈ ಮುಗಿಯುತ್ತಿದ್ದರು. ನಾನು ಮುಗಿಯಲಿಲ್ಲ, ಈಗಲೂ ಮುಗಿಯುವುದಿಲ್ಲ. ನಾನು ಬರೆಯಲು ಕುಳಿತಿರುವುದು ಆಕೆಯ ಬಗ್ಗೆ ಅಲ್ಲ, ಆಕೆಯ ಸೊಸೆಯ ಬಗ್ಗೆ, ನನ್ನ ಹೆತ್ತವ್ವ ಉಡಚಮ್ಮನ ಬಗ್ಗೆ. ಆದರೆ ನಮ್ಮವ್ವನ ಬಾಳೆಲ್ಲ ಅತ್ತೆಯ ಕಾಲ ಕೆಳಗೇ ಸವೆದದ್ದರಿಂದ ಆ ಮುದುಕಿಯನ್ನು ಬಿಟ್ಟು ಒಂದು ಸಾಲು ಬರೆಯಲೂ ಆಗುವುದಿಲ್ಲ. ಏನು ಮಾಡುವುದು, ಹಣೆಬರಹ.

ಯಲಬುರ್ಗಿ ಸೀಮೆಯ ಮಂಗಳೂರು ನಮ್ಮೂರು. ಮಂಗಳೂರು ಅಂದಕೂಡಲೇ ಕಡಲು, ಮೀನು ಅಂತ ಕಣ್ಣರಳಿಸಬೇಡಿ. ನಮ್ಮದು ಎರೆಹೊಲದ ಮಂಗಳೂರು, ಬೇಸಿಗೆಯಲ್ಲಿ ನೆಲ ಬಾಯಿ ಬಿಡುವ ಊರು. ನಿಜಾಮನ ಆಳ್ವಿಕೆಯ ಕಾಲ. ಮನೆಯಲ್ಲಿ ಅರವತ್ತು ಕುರಿ, ಒಂದಿಷ್ಟು ಜೋಳದ ಹೊಲ. ಅಜ್ಜ ಯಾವಾಗಲೋ ಸತ್ತುಹೋಗಿದ್ದ. ನಮ್ಮಪ್ಪ ಕುಬೇರಪ್ಪ ಬೆಳಗಾದರೆ ಕುರಿ ಹೊಡೆದುಕೊಂಡು ಅಡವಿಗೆ ಹೋಗುವವನು, ಹೊತ್ತು ಮುಳುಗಿದಾಗ ಬರುವವನು. ತಾಯಿ ಹೇಳಿದ್ದಕ್ಕೆ ‘ಹೂಂ’ ಅನ್ನುವುದು ಬಿಟ್ಟರೆ ಅವನ ಬಾಯಿಗೆ ಬೇರೆ ಕೆಲಸವೇ ಇರಲಿಲ್ಲ.

ಮುದುಕವ್ವನ ಹೆಸರು ಎದ್ದದ್ದು ಕೂಸುಗಳ ಭೇದಿ ನಿಲ್ಲಿಸುವುದರಲ್ಲಿ. ಕೂಸಿಗೆ ಹೊಟ್ಟೆ ಜಾಡಿಸತೊಡಗಿದರೆ ಮೂರು ದಿನ ಒಣ ಪಥ್ಯ. ಒಣ ಪಥ್ಯ ಅಂದರೆ ಕೂಸಿನ ಬಾಯಿಗೆ ಒಂದು ಹನಿ ನೀರು ಮುಟ್ಟಿಸಬಾರದು, ಮೊಲೆಯೂ ಕೊಡಬಾರದು. ತಾಯಿಯ ಎದೆಗೆ ಹಳೆ ಸೀರೆಯ ಪಟ್ಟಿ ಬಿಗಿದು ಬೆನ್ನ ಹಿಂದೆ ಗಂಟು ಹಾಕುತ್ತಿದ್ದರು. ನಾಲ್ಕನೇ ದಿನ ಕುಳ್ಳಿನ ಬೆಂಕಿಯಲ್ಲಿ ಚೀಲ ಹೊಲಿಯುವ ದಬ್ಬಣ ಕಾಯಿಸಿ ಹೊಕ್ಕಳ ಸುತ್ತ ಏಳು ಬರೆ. ಅಷ್ಟು ಹೊತ್ತಿಗೆ ಭೇದಿ ನಿಂತೇ ಇರುತ್ತಿತ್ತು. ಒಳಗೆ ಏನೂ ಉಳಿಯದಿದ್ದರೆ ನಿಲ್ಲದೆ ಏನು ಮಾಡೀತು? ಬದುಕಿದ ಕೂಸು ಮುದುಕವ್ವನ ಕೈಗುಣದಿಂದ ಬದುಕಿತು; ಸತ್ತ ಕೂಸು ತನ್ನ ಆಯುಷ್ಯ ತೀರಿ ಸತ್ತಿತು. ಇಂಥ ಲೆಕ್ಕದಲ್ಲಿ ಯಾರು ತಾನೆ ಸೋಲುತ್ತಾರೆ!

ಆಕೆ ಯಾರ ಹತ್ತಿರವೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ತೆಂಗಿನಕಾಯಿ, ಎರಡು ಎಲೆ, ಒಂದು ಅಡಿಕೆ, ಅಷ್ಟೇ. ಯಾರಾದರೂ ತಾಯಿ ತಡೆಯಲಾರದೆ ‘ಒಂದು ಗುಟುಕು ನೀರು ಕೊಡಲೇನವ್ವಾ?’ ಅಂತ ಕೇಳಿದರೆ ಆಕೆಯ ಉತ್ತರ ಸಿದ್ಧವಿರುತ್ತಿತ್ತು.

“ತೂತು ಬಿದ್ದ ಕೊಡಕ್ಕ ನೀರು ಹೊಯ್ತಾರೇನು? ಮೊದಲ ತೂತು ಮುಚ್ಚಬೇಕು.”

ಕೇಳಿದವರು ತಲೆದೂಗುತ್ತಿದ್ದರು. ಮಾತು ಕೇಳಲು ಚೆನ್ನಾಗಿತ್ತಲ್ಲ.

ನಮ್ಮವ್ವ ಕುಷ್ಟಗಿ ಕಡೆಯ ಹುಡುಗಿ. ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಈ ಮನೆಗೆ ಸೊಸೆಯಾಗಿ ಬಂದಳು. ಎರಡು ವರ್ಷಕ್ಕೆ ಗಂಡುಮಗು ಹುಟ್ಟಿತು. ಎಂಟನೇ ತಿಂಗಳಿಗೆ ಹಲ್ಲು ಬರುವ ಹೊತ್ತಲ್ಲಿ ಭೇದಿ ಹತ್ತಿತು. ಎದೆಗೆ ಪಟ್ಟಿ ಬಿಗಿಸಿಕೊಂಡು ಮೂರು ದಿನ ಕುಳಿತಳು. ಹಾಲು ಕಟ್ಟಿ ಎದೆ ಕಲ್ಲಾಯಿತು, ಜ್ವರ ಬಂತು. ಕೂಸಿನ ನೆತ್ತಿ ಗುಳಿ ಬಿತ್ತು, ಕಣ್ಣು ಒಳಗೆ ಹೋದವು. ನೆತ್ತಿ ಬಿದ್ದಿದೆ ಅಂತ ಮುದುಕವ್ವ ಬಾಯೊಳಗೆ ಹೆಬ್ಬೆರಳು ಹಾಕಿ ಅಂಗುಳನ್ನು ಮೇಲಕ್ಕೆ ಒತ್ತಿದಳು. ನಾಲ್ಕನೇ ದಿನ ಬರೆ ಹಾಕಿದಳು, ಐದನೇ ದಿನ ಮಣ್ಣು ಮಾಡಿದರು. ಹದಿನೆಂಟು ವರ್ಷದ ನಮ್ಮವ್ವ ಅತ್ತೆಯ ಕಾಲು ಹಿಡಿದುಕೊಂಡು ಅತ್ತಳು. ಅತ್ತೆಯೂ ಅತ್ತಳು. ನಾಟಕದ ಅಳುವಲ್ಲ ಅದು. ನನಗೆ ಹೆಚ್ಚು ಸಿಟ್ಟು ಬರುವುದು ಅದಕ್ಕೇ.

ಎರಡನೆಯದು ಹೆಣ್ಣು. ಅದಕ್ಕೂ ಅದೇ ಭೇದಿ, ಅದೇ ಪಟ್ಟಿ, ಅದೇ ದಬ್ಬಣ. ಆದರೆ ಈ ಸಲ ಒಂದು ಸಂಗತಿ ನಡೆಯಿತು. ನಮ್ಮ ಕಡೆ ಜೀವ ಹೋಗುವಾಗ ಬಾಯಿಗೆ ನೀರು ಬಿಡುತ್ತಾರೆ, ಒಣಬಾಯಲ್ಲಿ ಕಳಿಸಬಾರದು ಅಂತ. ಕೂಸು ಮೇಲುಸಿರು ಎಳೆಯತೊಡಗಿದಾಗ ಮುದುಕವ್ವ ನಮ್ಮವ್ವನ ಕೈಗೆ ತಂಬಿಗೆ ಕೊಟ್ಟು, “ಬಿಡವ್ವಾ, ತಾಯಿ ಕೈಲೆ ಎರಡು ಹನಿ ಬಿಡು,” ಅಂದಳು. ನಮ್ಮವ್ವ ಬೆರಳು ಅದ್ದಿ ತುಟಿಗೆ ಮುಟ್ಟಿಸಿದಳು. ಸಾಯುತ್ತಿದ್ದ ಕೂಸು ಆ ಬೆರಳನ್ನು ಚೀಪಿತು. ನಾಲಿಗೆ ಚಾಚಿ ಮತ್ತೆ ಹುಡುಕಿತು. ನಾಲ್ಕು ದಿನದಲ್ಲಿ ಅದಕ್ಕೆ ಸಿಕ್ಕ ನೀರು ಅದೇ. ಮೂರನೇ ಹನಿ ಬಿಡುವುದರೊಳಗೆ ಉಸಿರು ನಿಂತಿತು.

“ಅದಕ್ಕ ರೋಗ ಇರಲಿಲ್ಲ ದುರಗಿ, ಅದಕ್ಕ ನೀರಡಿಕಿ ಆಗಿತ್ತು,” ಅಂತ ನಮ್ಮವ್ವ ನನಗೆ ಎಷ್ಟೋ ವರ್ಷದ ಮೇಲೆ ಹೇಳಿದಳು. “ನನ್ನ ಬೆರಳು ಹಿಡಕೊಂಡು ಕೇಳ್ತು. ನಾ ಸಾಯಾಕಂತ ಕೊಟ್ಟೆ, ಅದು ಬದುಕಾಕಂತ ಕುಡೀತು.”

ಮೂರನೆಯವಳು ನಾನು, ದುರಗಮ್ಮ. ನಲವತ್ತೊಂದರ ಬೇಸಿಗೆ. ಯುಗಾದಿ ಕಳೆದು ಹದಿನೈದು ದಿನ, ನನಗೆ ಹತ್ತು ತಿಂಗಳು. ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಏಳು ಸಲ ನೀರಿನಂತೆ ಹೇತೆನಂತೆ. ಮುದುಕವ್ವ ಪಟ್ಟಿ ತಂದಳು. ನಮ್ಮವ್ವ ಬೆನ್ನು ಕೊಟ್ಟು ಕಟ್ಟಿಸಿಕೊಂಡಳು.

ಮರುದಿನ ಬೆಳಗ್ಗೆ ಅಪ್ಪ ಕುರಿ ಹೊಡೆದುಕೊಂಡು ಹೋದ. ಊರ ಹೊರಗೆ ನಮ್ಮ ಕುರಿದೊಡ್ಡಿ ಇತ್ತು, ಸುತ್ತ ಜಾಲಿಮುಳ್ಳಿನ ಬೇಲಿ. ದೊಡ್ಡ ಕುರಿಗಳು ಮೇಯಲು ಹೋದಾಗ ಎಳೆಮರಿಗಳು ಅಲ್ಲೇ ಉಳಿಯುತ್ತಿದ್ದವು. ಅವಕ್ಕೆ ಸೊಪ್ಪು ಕಟ್ಟುವುದು, ನೀರು ಕುಡಿಸುವುದು ಸೊಸೆಯ ಕೆಲಸ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟವಳನ್ನು ಮುದುಕವ್ವ ಬಾಗಿಲಲ್ಲಿ ನಿಲ್ಲಿಸಿ ಒಂದು ಮಾತು ಹೇಳಿದಳು. ಆ ಮಾತನ್ನು ನಾನು ಕಲ್ಲಿನ ಮೇಲೆ ಕೆತ್ತಿಸಿ ಊರ ಮುಂದೆ ನಿಲ್ಲಿಸಬೇಕು ಅಂತಿದ್ದೇನೆ.

“ಆ ಕರೀ ಮರಿ ನಿನ್ನೆಯಿಂದ ಹೇತಕೊಳ್ಳಾಕ ಹತ್ತೈತಿ, ನೋಡು. ನವಣಿ ಗಂಜಿ ತಿಳಿ ಮಾಡಿ, ಹಳ್ಳುಪ್ಪು ಹಾಕಿ, ಘಳಿಗಿಗೊಮ್ಮೆ ಚೂರುಚೂರು ಕುಡಸು. ಒಮ್ಮಿಗೇ ಸುರೀಬ್ಯಾಡ, ಕಕ್ತೈತಿ. ತಾಯಿ ಬಂದ ಕೂಡ್ಲೆ ಮೊಲಿಗೆ ಬಿಡು. ನೀರು ತಪ್ಪಿಸಿದ್ರ ಒಣಗಿ ಸಾಯ್ತೈತಿ ಮತ್ತ, ಹುಷಾರು.”

ನಮ್ಮವ್ವ ಬಾಗಿಲಲ್ಲೇ ನಿಂತಳು. ಜನ್ಮದಲ್ಲಿ ಮೊದಲ ಸಲ ಅತ್ತೆಗೆ ಎದುರು ಕೇಳಿದಳು.

“ಅತ್ತೀ, ಮರಿಗೆ ಕೊಡ್ತೀವಿ. ಕೂಸಿಗ್ಯಾಕ ಕೊಡಬಾರದ್ರಿ?”

ಕಪಾಳಕ್ಕೆ ಏಟು ಬಿತ್ತು. “ಕೂಸು ಕುರಿ ಏನ? ಮನಷಾರ ಹೊಟ್ಟಿ ಬ್ಯಾರೆ, ಕುರಿ ಹೊಟ್ಟಿ ಬ್ಯಾರೆ. ಎರಡು ತಿಂದಿ, ಇದನ್ನೂ ತಿನ್ನಾಕ ನಿಂತೀಯೇನು?”

ನೋಡಿ, ಆಕೆಗೆ ಗೊತ್ತಿತ್ತು. ಔಷಧ ಆಕೆಯ ನಾಲಿಗೆಯ ಮೇಲೇ ಇತ್ತು. ಅಜ್ಜಿಯ ಅಜ್ಜಿಯಿಂದ ಕಲಿತು ಬಂದದ್ದು, ನೂರಾರು ಮರಿಗಳನ್ನು ಉಳಿಸಿದ್ದು. ಮರಿ ಮೇಲೆ ಆಕೆಗೆ ಕರುಳು ಇರಲಿಲ್ಲ, ಹಾಗಾಗಿ ಕಣ್ಣಿಗೆ ಕಂಡದ್ದನ್ನು ನಂಬಿದಳು. ಕೂಸಿನ ಮೇಲೆ ಕರುಳಿತ್ತು, ಹಾಗಾಗಿ ಹಿರಿಯರು ಹೇಳಿದ್ದನ್ನು ನಂಬಿದಳು. ನಮ್ಮ ಕುರಿಗಾರರ ಮನೆಗಳಲ್ಲಿ ಮರಿಗಿಂತ ಮಗು ಹೆಚ್ಚು ಸತ್ತದ್ದು ಹೀಗೆ.

ದೊಡ್ಡಿಯಲ್ಲಿ ನಮ್ಮವ್ವ ಮೂರು ಕಲ್ಲು ಹೂಡಿ ಗಂಜಿ ಕಾಸಿದಳು. ತಿಳಿ ಬಸಿದು, ಉಪ್ಪು ಹಾಕಿ, ನಾಲಿಗೆಗೆ ಹಚ್ಚಿ ನೋಡಿದಳು. ಕಣ್ಣೀರಿಗಿಂತ ಹೆಚ್ಚು ಉಪ್ಪಿರಬಾರದು ಅಂತ ತವರಿನಲ್ಲಿ ಕೇಳಿದ್ದಳು. ಮೊದಲು ಕರೀ ಮರಿಗೆ ಬಿದಿರಿನ ಕೊಳವೆಯಲ್ಲಿ ಕುಡಿಸಿದಳು. ಆಮೇಲೆ ಅತ್ತಿತ್ತ ನೋಡಿ, ಉಳಿದ ಗಂಜಿ ಆರಿಸಿ, ನನ್ನ ಬಾಯಿಗೆ ಬೆರಳಿನಿಂದ ಹನಿ ಹನಿ ಬಿಟ್ಟಳು. ನಾನು ಕಕ್ಕಿದೆ. ಆಕೆ ಬೆರಳು ಹಿಂದಕ್ಕೆ ತೆಗೆದುಕೊಂಡಳು. ಅತ್ತೆ ಹೇಳಿದ್ದೇ ನಿಜವಾದರೆ? ನೀರು ಕೊಟ್ಟು ತಾನೇ ಕೊಂದರೆ? ಆದರೂ ಅರ್ಧ ಘಳಿಗೆ ಬಿಟ್ಟು ಮತ್ತೆ ಕೊಟ್ಟಳು, ಇನ್ನೂ ಸಣ್ಣ ಹನಿ. ಅದು ಒಳಗೆ ನಿಂತಿತು. ಪಟ್ಟಿಯ ಗಂಟು ಬೆನ್ನ ಹಿಂದಿತ್ತು, ಬಿಚ್ಚಿದರೆ ಅತ್ತೆಗೆ ಗೊತ್ತಾಗುತ್ತದೆ. ಪಟ್ಟಿಯನ್ನೇ ಮೇಲಕ್ಕೆ ಜಗ್ಗಿ, ನೋವಿಗೆ ಹಲ್ಲು ಕಚ್ಚಿ, ಎದೆ ಹೊರಗೆ ತೆಗೆದಳು.

ಹೊತ್ತು ಇಳಿಯುವ ಮುಂಚೆ ನಾನು ಉಚ್ಚೆ ಹೊಯ್ದೆನಂತೆ. ಮೂವತ್ತು ವರ್ಷ ಶಾಲೆಯಲ್ಲಿ ಅಕ್ಷರ ಕಲಿಸಿದ್ದೇನೆ, ಶಾಲು ಹೊದಿಸಿ ಸನ್ಮಾನವನ್ನೂ ಮಾಡಿದ್ದಾರೆ. ಆದರೆ ನಮ್ಮವ್ವನಿಗೆ ನನ್ನ ಬದುಕಿನ ದೊಡ್ಡ ಸಾಧನೆ ಅಂದರೆ ಆ ಉಚ್ಚೆ. ಒದ್ದೆಯಾದ ಬಟ್ಟೆಯನ್ನು ಕುರಿಹಿಕ್ಕೆಯ ರಾಶಿಯಲ್ಲಿ ಹೂತು, ಅಲ್ಲೇ ಕುಳಿತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಮೂರು ದಿನ ಹೀಗೇ ನಡೆಯಿತು. ನಾಲ್ಕನೇ ದಿನ ಮುದುಕವ್ವ ದಬ್ಬಣ ಕಾಯಿಸಿದಳು. ಬೇಡ ಅಂದರೆ ಗುಟ್ಟು ರಟ್ಟಾಗುತ್ತದೆ. ನಮ್ಮವ್ವ ತಾನೇ ನನ್ನ ಎರಡೂ ಕಾಲು ಹಿಡಿದಳು. ಏಳು ಬರೆ. ನಾನು ಚೀರಿದೆ, ನನ್ನ ಕಣ್ಣಲ್ಲಿ ದಳದಳ ನೀರು ಸುರಿಯಿತು. ಮುದುಕವ್ವನ ಕೈ ಅಲ್ಲೇ ನಿಂತಿತಂತೆ. ಮೂರು ದಿನ ಒಣಗಿದ ಕೂಸಿನ ಕಣ್ಣಲ್ಲಿ ನೀರು ಬರುವುದಿಲ್ಲ. ಅಷ್ಟು ವರ್ಷ ಬರೆ ಹಾಕಿದವಳಿಗೆ ಅದು ಗೊತ್ತಿರಲಿಲ್ಲವೆ? ಸೊಸೆಯ ಮುಖ ನೋಡಿದಳು, ಕೂಸಿನ ಮುಖ ನೋಡಿದಳು. ಆಮೇಲೆ ದಬ್ಬಣ ಕೆಳಗಿಟ್ಟು, “ನಮ್ಮಪ್ಪ ಕೊಟ್ಟ ಕೈಗುಣ, ಎಲ್ಲಿಗೆ ಹೊಕ್ಕೈತಿ!” ಅಂದಳು.

ಅಲ್ಲಿಂದ ನನ್ನ ಮೆರವಣಿಗೆ ಶುರುವಾಯಿತು. ಭೇದಿ ಹತ್ತಿದ ಕೂಸನ್ನು ಯಾರೇ ತರಲಿ, ಮುದುಕವ್ವ ನನ್ನನ್ನು ಕರೆದು ಅಂಗಿ ಎತ್ತಿ ಹೊಟ್ಟೆ ತೋರಿಸುತ್ತಿದ್ದಳು. “ಇಕಿನ್ನ ನೋಡ್ರಿ. ಎರಡು ಹೋದ ಮ್ಯಾಲಿಂದು. ಹೆಂಗ ಗುಂಡಕಲ್ಲ ಆಗ್ಯಾಳ!” ಬಂದವರು ಬರೆಗಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಮೊದಲು ಊರಿನವರಷ್ಟೇ ಬರುತ್ತಿದ್ದರು, ಈಗ ಗಾಡಿ ಕಟ್ಟಿಕೊಂಡು ಬರತೊಡಗಿದರು. ನನ್ನನ್ನು ನೋಡಿ ನಂಬಿ, ತಮ್ಮ ಕೂಸಿನ ಬಾಯಿ ಒಣಗಿಸಿ, ಎಷ್ಟೋ ಜನ ಖಾಲಿ ಮಡಿಲಲ್ಲಿ ಮನೆಗೆ ಹೋದರು.

ನಮ್ಮವ್ವ ಬಾಯಿ ಬಿಡಲಿಲ್ಲ. ಇದನ್ನು ಕೇಳಿದ ದಿನ ನಾನು ಆಕೆಯ ಮೇಲೆ ಹರಿಹಾಯ್ದಿದ್ದೆ. “ಅವ್ವಾ, ಅಷ್ಟು ಕೂಸು ಸತ್ತವಲ್ಲ, ನಿನಗ ಹೊಟ್ಟ್ಯಾಗ ಏನೂ ಆಗಲಿಲ್ಲೇನು?” ಅಂತ.

“ಹೇಳಿದ್ರ ನನ್ನ ಹೊರಗ ಹಾಕ್ತಿದ್ರು,” ಅಂದಳು. “ನಾ ತವರಿಗೆ, ನೀ ಇಲ್ಲೇ. ಮತ್ತ ನಿನಗ ಹೊಟ್ಟಿ ಜಾಡಿಸಿದ್ರ ಯಾರು ಕುಡಸ್ತಿದ್ರು?”

ಒಂದೇ ಒಂದು ಸಲ ಬಾವಿಕಟ್ಟೆಯಲ್ಲಿ ಕೂಸಿಗೆ ಭೇದಿ ಹತ್ತಿದ್ದ ನೆರೆಮನೆಯ ಹಜರತಬೀಗೆ ಮೆಲ್ಲಗೆ ಹೇಳಿದ್ದಳಂತೆ, ಗಂಜಿ ತಿಳಿ ಕೊಡು, ಮೊಲೆ ಬಿಡಿಸಬೇಡ ಅಂತ. ಹಜರತಬೀ ಕೊಡ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟಳು. “ಯಾಕಬೇ, ನಿನ್ನ ಮಗಳು ಬರಿ ಹಾಕಿಸ್ಕೊಂಡು ಬದುಕ್ಯಾಳ. ನನ್ನ ಕೂಸು ಬದುಕೂದು ನಿನಗ ಬ್ಯಾಡೇನು?” ಆ ಕೂಸೂ ಉಳಿಯಲಿಲ್ಲ. ಅದರ ಮೇಲೆ ನಮ್ಮವ್ವ ಯಾರಿಗೂ ಹೇಳಲು ಹೋಗಲಿಲ್ಲ.

ನಲವತ್ತನಾಲ್ಕರ ಬೇಸಿಗೆಯಲ್ಲಿ ಮುದುಕವ್ವನ ಒಬ್ಬಳೇ ಮಗಳು, ನಮ್ಮ ಸೋದರತ್ತೆ ಪಕೀರಮ್ಮ, ಹುಲಿಹೈದರದಿಂದ ಬಂದಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಗಂಡುಮಗು, ಏಳು ತಿಂಗಳದು. ಭೇದಿ ಹತ್ತಿತ್ತು. ದಾರಿಯಲ್ಲಿ ದವಾಖಾನೆ ಇದ್ದರೂ ನಿಲ್ಲಿಸದೆ, ಬಂಡಿಯಲ್ಲಿ ಎರಡು ದಿನ ಬಿಸಿಲಲ್ಲಿ ಬೇಯುತ್ತ ತವರಿಗೇ ತಂದಿದ್ದಳು. ಹೆತ್ತವ್ವನ ಕೈಗುಣ ಇರುವಾಗ ಪರರ ಔಷಧ ಯಾಕೆ? ಒಣ ಪಥ್ಯವನ್ನು ಊರು ಬಿಟ್ಟ ದಿನವೇ ಹಿಡಿದಿದ್ದಳು.

ನಮ್ಮವ್ವ ಕೂಸಿನ ಹೊಟ್ಟೆಯ ತೊಗಲು ಎರಡು ಬೆರಳಲ್ಲಿ ಎತ್ತಿ ನೋಡಿದಳು. ಬಿಟ್ಟರೂ ಅದು ಮಡಿಕೆ ಹಾಗೇ ನಿಂತಿತು. ಇನ್ನೊಂದು ದಿನದ ಮಾತು ಅಂತ ಆಕೆಗೆ ತಿಳಿಯಿತು. ದೊಡ್ಡಿಯಲ್ಲಿ ಮರಿ ಎಣಿಸಲು ಬಂದ ಮುದುಕವ್ವನ ಮುಂದೆ ಮೊಣಕಾಲೂರಿ ಎಲ್ಲ ಹೇಳಿಬಿಟ್ಟಳು. ದುರಗಿಗೆ ಮೂರು ದಿನ ಗಂಜಿ ಕುಡಿಸಿದ್ದು, ಮೊಲೆ ಕೊಟ್ಟದ್ದು, ಬಟ್ಟೆ ಹೂತದ್ದು, ಎಲ್ಲ.

“ನನ್ನ ಹೊಡೀರಿ, ಮನಿ ಬಿಡಸ್ರಿ, ಏನಾರ ಮಾಡ್ರಿ. ಆ ಕೂಸಿಗೆ ಇವತ್ತ ನೀರು ಕೊಡ್ರಿ ಅತ್ತೀ. ನಿಮ್ಮ ಮೊಮ್ಮಗ ಅದು. ಇಲ್ಲೇ ಐತಿ ನೋಡ್ರಿ, ಕಾಸಿ ಇಟ್ಟೀನಿ.”

 ಮುದುಕವ್ವನ ಬಾಯಿ ಒಂದು ಕಡೆಗೆ ಸೊಟ್ಟಗಾಯಿತಂತೆ. ಕೊನೆಗೆ ಕೇಳಿದಳು:

“ಹಂಗಾದ್ರ ನಾ ಎಷ್ಟು ಕೂಸು ಕೊಂದೆ? ಹೇಳು. ಬೆರಳು ಮಡಚಿ ಹೇಳು. ಹಿಡಿ ನನ್ನ ಹೊಟ್ಟ್ಯಾಗ ಹುಟ್ಟಿ ಸತ್ತ ಮೂರರಿಂದ. ಹೇಳ!”

  ಮುದುಕವ್ವ ಗಂಜಿಯ ಗಡಿಗೆಯನ್ನು ಕಾಲಿನಿಂದ ಒದ್ದಳು. ಮರಿಗಳು ಓಡಿಬಂದು ನೆಲದ ಮೇಲಿನ ಗಂಜಿ ನೆಕ್ಕಿದವು. ದೊಡ್ಡಿಯ ಬಾಯಿಗೆ ಜಾಲಿಮುಳ್ಳು ಎಳೆದು, ಅಪ್ಪನನ್ನು ಅಡವಿಯಿಂದ ಕರೆಸಿ ಕೋಲು ಕೊಟ್ಟು ಅಲ್ಲೇ ಕೂರಿಸಿದಳು. “ಈಕಿ ಹೊರಗ ಬಂದ್ರ ನಿನ್ನ ತಂಗಿ ಕೂಸು ಸತ್ತಂಗ,” ಅಂದಳು. ಅಪ್ಪ ‘ಹೂಂ’ ಅಂದ. ಮನೆಯಲ್ಲಿ ಪಕೀರಮ್ಮ, “ಅತ್ತಿಗಿ ಎಲ್ಲಿ?” ಅಂತ ಕೇಳಿದ್ದಕ್ಕೆ, “ಹೊರಗಾಗ್ಯಾಳ. ಮೂರು ದಿನ ದೊಡ್ಡ್ಯಾಗ ಇರತಾಳ,” ಅಂದಳು. ಮುಟ್ಟಾದ ಹೆಂಗಸನ್ನು ಯಾರು ಹುಡುಕಿಕೊಂಡು ಹೋಗುತ್ತಾರೆ?

ನಮ್ಮವ್ವ ಕೂಗಿದಳು. ಊರ ಹೊರಗಿನ ದೊಡ್ಡಿ, ಎದುರುಗಾಳಿ. ಗಂಡನ ಕಾಲಿಗೆ ಬಿದ್ದಳು. ಅವನು ಕೋಲು ತಿರುಗಿಸಿ ಹಿಡಿದು ಎರಡೇಟು ಬಿಟ್ಟ, ಆಮೇಲೆ ತಾನೂ ಅತ್ತ. ಇಂಥ ಗಂಡಸರ ಕಣ್ಣೀರು ಯಾರ ಬಾಯಿ ತೋಯಿಸೀತು?

ಮಾರನೇ ದಿನ ಮಧ್ಯಾಹ್ನ ಬರೆ ಹಾಕಿದರು. ದಬ್ಬಣ ಒತ್ತಿದಾಗ ಕೂಸು ಅಳಲಿಲ್ಲ. ಏಳನೆಯದು ಹಾಕುವ ಮುಂಚೆಯೇ ಮುಗಿದಿತ್ತು ಅಂತ ಕೆಲವರು ಹೇಳುತ್ತಾರೆ. ಆದರೂ ಏಳೂ ಹಾಕಿದಳು, ಲೆಕ್ಕ ತಪ್ಪಬಾರದಲ್ಲ. ಪಕೀರಮ್ಮ ಹೆಣ ಮಡಿಲಲ್ಲಿಟ್ಟುಕೊಂಡು, “ಇನ್ನೊಮ್ಮೆ ನೋಡವ್ವಾ, ನಿನ್ನ ಕೈಲೆ ಆಗತೈತಿ,” ಅಂತ ತಾಯಿಯ ಸೆರಗು ಜಗ್ಗುತ್ತಿದ್ದಳಂತೆ.

ಮುದುಕವ್ವ ಒಂದು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಇನ್ನು ದಬ್ಬಣ ಮುಟ್ಟುವುದಿಲ್ಲ ಅಂತ ನಮ್ಮವ್ವ ಅಂದುಕೊಂಡಿದ್ದಳು. ಮಳೆ ಬಿದ್ದು ಹೊಸನೀರು ಬಂತು, ಹೊಸನೀರಿನ ಜೊತೆ ಭೇದಿಯೂ ಬಂತು. ಪಕ್ಕದ ಊರಿನ ಹೊಳಿಯಮ್ಮ ಅನ್ನುವವಳು ಕೂಸನ್ನು ತಂದಳು. ಮುದುಕವ್ವ ಎದ್ದು ಕುಳಿತು, “ಬೆಂಕಿ ಮಾಡು,” ಅಂದಳು. ಮೂರು ದಿನ ಕಾಯಲಿಲ್ಲ, ಅಂದೇ ಬರೆ ಹಾಕಿದಳು. ಹಾಕಿ ಮುಗಿಸಿ, ಬೆವರು ಒರೆಸಿಕೊಂಡು ಹೊಳಿಯಮ್ಮನಿಗೆ ಹೇಳಿದಳು:

“ಈಗ ನಮ್ಮ ಸೊಸಿ ಜೋಡಿ ದೊಡ್ಡಿಗೆ ಹೋಗು. ಆಕಿ ಏನು ಕೊಡ್ತಾಳ ಅದನ್ನ ಕುಡಸು. ಅದು ಬರಿ ಹಾಕಿದ ಮ್ಯಾಲಿನ ಮದ್ದು. ಮೊಲಿ ಬಿಡಸಬ್ಯಾಡ.”

 ಹೊಳಿಯಮ್ಮ ಅಂಗಳಕ್ಕೆ ಇಳಿದ ಮೇಲೆ ನಮ್ಮವ್ವ ಅತ್ತೆಯ ಹತ್ತಿರ ಬಂದು, “ಅತ್ತೀ, ಬರಿ ಬ್ಯಾಡ್ರಿ ಇನ್ನ. ಗಂಜಿ ಒಂದ ಸಾಕು,” ಅಂದಳು.

“ಗಂಜಿ ಕುಡಿಯಾಕ ನನ್ನ ಬಾಗಲಿಗ್ಯಾಕ ಬರ್ತಾರ? ಅವರ ಮನ್ಯಾಗ ಗಂಜಿ ಇಲ್ಲೇನು?” ಮುದುಕವ್ವ ಸೊಸೆಯ ಮುಂಗೈ ಹಿಡಿದು ತಿರುವಿದಳು. “ನನ್ನ ಕೈಲೆ ಬರಿ, ನಿನ್ನ ಕೈಲೆ ಗಂಜಿ. ಬಾಯಿ ಬಿಟ್ಟಿ ಅಂದ್ರ ಎರಡೂ ಇಲ್ಲ. ಸಾಯಲಿ ಎಲ್ಲಾವೂ.”

ಒಪ್ಪಂದ ಅಂದರೆ ಇದು! ಹೆಸರು ಅತ್ತೆಗೆ, ಸುಟ್ಟ ಗಾಯ ಕೂಸಿಗೆ, ಪಾಪ ಸೊಸೆಗೆ. ಆ ಮಳೆಗಾಲದಲ್ಲಿ ಹನ್ನೊಂದು ಕೂಸು ಬಂದವು, ಒಂಬತ್ತು ಉಳಿದವು. ಹನ್ನೊಂದರ ಕಾಲನ್ನೂ ಹಿಡಿದವಳು ನಮ್ಮವ್ವ. ಬೇಡದ ಬರೆ ಅಂತ ಗೊತ್ತಿದ್ದೂ ಹಿಡಿದಳು. ಹಿಡಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆಯಾ ಅಂತ ನಾನು ಕೇಳಿದ್ದೆ. ಇಲ್ಲ ಅಂದಳು, ಕಣ್ಣು ಮುಚ್ಚಿದರೆ ಕಾಲು ಜಾರಿ ದಬ್ಬಣ ಬೇರೆ ಕಡೆ ಬೀಳುತ್ತದಂತೆ.

ಮರುವರ್ಷ ಪಕೀರಮ್ಮ ತವರಿಗೆ ಬಂದಳು, ಕೂಸು ಸತ್ತ ಮೇಲೆ ಮೊದಲ ಸಲ. ನನಗಾಗ ಐದು ವರ್ಷ, ಅದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಮನೆಯಲ್ಲಿ ಯಾರೂ ಕಾಣದೆ ಆಕೆ ನೇರ ದೊಡ್ಡಿಗೆ ಬಂದಳು. ಅಲ್ಲಿ ಬೇವಿನ ನೆರಳಲ್ಲಿ ಒಬ್ಬ ಎಳೆ ಹೆಂಗಸು ಕೂಸನ್ನು ಹಿಡಿದು ಕೂತಿದ್ದಳು. ಕೂಸಿನ ಹೊಟ್ಟೆ ಮೇಲೆ ಆಗತಾನೆ ಹಾಕಿದ ಬರೆ. ನಮ್ಮವ್ವ ಬಟ್ಟಲಿನಿಂದ ಅದರ ಬಾಯಿಗೆ ಹನಿ ಬಿಡುತ್ತಿದ್ದಳು. ಅರೆಜೀವದ ಕೂಸು, ಎರಡು ಸಲ ಕಕ್ಕಿ ಈಗಷ್ಟೇ ನುಂಗತೊಡಗಿತ್ತು. ಮುದುಕವ್ವ ಬೇವಿನ ಬೊಡ್ಡೆಗೆ ಒರಗಿ ನೋಡುತ್ತಿದ್ದಳು.

ಪಕೀರಮ್ಮ ಬಟ್ಟಲು ನೋಡಿದಳು, ಕೂಸಿನ ಗಂಟಲು ಏರಿಳಿಯುವುದನ್ನು ನೋಡಿದಳು.

“ಅವ್ವಾ, ಏನಿದು?”

 ಎಳೆ ಹೆಂಗಸು ಏನೂ ತಿಳಿಯದೆ, “ಮದ್ದವ್ವಾ. ಭಾಳ ಕೂಸು ಬದುಕ್ಯಾವಂತ,” ಅಂದಳು.

“ನನ್ನ ಮಗಗ್ಯಾಕ ಕೊಡಲಿಲ್ಲವ್ವಾ?” ಪಕೀರಮ್ಮನ ದನಿ ಏರಲಿಲ್ಲ. “ಒಂದು ಹನಿ ಮುಟ್ಟಿಸಗೊಡಲಿಲ್ಲ ನೀನು. ಅದು ನನ್ನ ಸೆರಗು ಚೀಪ್ತಿತ್ತು. ಬಿಡಿಸಿದಿ ನೀನು, ಸೆರಗಿನಾಗ ತ್ಯಾವ ಐತಿ ಅಂತ.”

ಮುದುಕವ್ವ ಮಗಳನ್ನು ನೋಡಿದಳು. ಜಗತ್ತಿನಲ್ಲಿ ಆಕೆಯ ಕರುಳು ಅಂಟಿದ್ದು ಆ ಮಗಳೊಬ್ಬಳಿಗೇ. ಆಮೇಲೆ ಬೆರಳು ಚಾಚಿ ನಮ್ಮವ್ವನನ್ನು ತೋರಿಸಿದಳು.

“ಇದು ಇಕಿ ತವರಿನ ಮದ್ದು. ಆಗ ನನಗ ಹೇಳಲಿಲ್ಲ ಇಕಿ. ಗೊತ್ತಿದ್ದೂ ಹೇಳಲಿಲ್ಲ. ಬೇಕಾದ್ರ ಕೇಳು ಇಕಿನ್ನ.”

ನಮ್ಮವ್ವನ ಕೈ ನಿಂತಿತು. ಎಳೆ ಹೆಂಗಸಿನ ಮುಖದಲ್ಲಿ ಹೆದರಿಕೆ ಬಂತು. ಕೂಸನ್ನು ಎದೆಗೆ ಎಳೆದುಕೊಂಡು, ಎದ್ದು ಹೋಗುವವಳ ಹಾಗೆ ಒಂದು ಕಾಲು ಮಡಚಿದಳು. ಮುದುಕಿ ಸುಳ್ಳಿ ಅಂತ ಗೊತ್ತಾದರೆ ಅವಳು ಬಟ್ಟಲನ್ನೂ ನಂಬುವುದಿಲ್ಲ, ಕೂಸನ್ನೆತ್ತಿಕೊಂಡು ಬಿಸಿಲಿಗೆ ಬೀಳುತ್ತಾಳೆ. ನಮ್ಮವ್ವ ಅದನ್ನು ನೋಡಿದಳು. ಅತ್ತೆಯ ಮುಖವನ್ನಾಗಲಿ, ನಾದಿನಿಯ ಮುಖವನ್ನಾಗಲಿ ನೋಡಲಿಲ್ಲ.

“ಹೌದು,” ಅಂದಳು. “ಹೇಳಲಿಲ್ಲ ನಾನು.”

ಪಕೀರಮ್ಮ ಬಾಗಿ, ಕ್ಯಾಕರಿಸಿ ಆಕೆಯ ಮುಖಕ್ಕೆ ಉಗುಳಿದಳು. “ನಿನ್ನ ಕೈ ಸೇದಿಹೋಗಲಿ. ನಿನ್ನ ಬಾಯಿಗೆ ಕೊನಿಗೆ ನೀರು ಬಿಡೋರು ಯಾರೂ ಇರಬಾರದು.” ಅಷ್ಟು ಹೇಳಿ ಬಂದ ದಾರಿಯಲ್ಲೇ ತಿರುಗಿ ಹೋದಳು. ಸಾಯುವವರೆಗೂ ನಮ್ಮವ್ವನ ಮುಖ ನೋಡಲಿಲ್ಲ.

ಉಗುಳು ಬೀಳುವಾಗ ನಮ್ಮವ್ವ ಮುಖ ತಿರುಗಿಸಿಕೊಂಡಿರಲಿಲ್ಲ, ಬಟ್ಟಲಿಗೆ ಬೀಳದಂತೆ ಅಂಗೈ ಅಡ್ಡ ಹಿಡಿದಿದ್ದಳು. ಕೈಯನ್ನು ಸೀರೆಗೆ ಒರೆಸಿಕೊಂಡು, ಇನ್ನೊಂದು ಬೆರಳು ಗಂಜಿಯಲ್ಲಿ ಅದ್ದಿದಳು.

“ಕುಂದ್ರವ್ವಾ ತಂಗಿ,” ಅಂದಳು ಆ ಎಳೆ ಹೆಂಗಸಿಗೆ. “ಕೂಸಿನ ತಲಿ ಒಂದೀಟು ಎತ್ತಿ ಹಿಡಿ. ಇನ್ನೂ ಅರ್ಧ ಬಟ್ಟಲ ಐತಿ.”